ಝೀರೋ ಕೇಳಿದ್ರ ಎಲ್ಲಾ ಕೊಡೋ ಸ್ಲೈಸ್

ಪುಣೆ ಪೇಟೆ ಭಾಗದ ಒಂದು ಪತಸಂಸ್ಥೆಗೆ (ಪತ್ತಿನ ಸಹಕಾರಿ ಸಂಘಕ್ಕ) ನಾವು ಸಾಫ್ಟ್‌ವೇರ್ ನೋಡಕೋತೀವಿ, ಅವರ ಕೌಂಟರ್‌ನ್ಯಾಗ ಗಿರಾಕಿ ಕಡೆ ಮುಖ ಮಾಡಿ ಒಂದು ಸ್ಕ್ರೀನ್ ಐತಿ, ಖಾತೆಯ ಕಡೀ ಐದು ಎಂಟ್ರಿ ಅದರಾಗ ಕಾಣ್ತಾವ. ಕ್ಯೂನ್ಯಾಗ ಹಿಂದ ನಿಂತವ್ರು ಇಣುಕಿ ನೋಡ್ತಾರ ಅಂತ ಯಾರೋ ಜಗಳಾ ತಗದ್ರಂತ, ಅದಕ್ಕ ಅಲ್ಲಿ ಮ್ಯಾನೇಜರ್ ಸೆಟ್ಟಿಂಗ್‌ಗೆ ಹೋಗಿ 5 ಇದ್ದದ್ದನ್ನ 0 ಮಾಡ್ಯಾರ. ಒಂದೂ ಕಾಣಬಾರ್ದು ಅಂತ. ಶನಿವಾರ ವಾಕಡ್‌ನ್ಯಾಗ ಧೋ ಅಂತ ಮಳಿ, ನಾನು ಮನ್ಯಾಗ ಇದ್ದೆ, ಫೋನ್ ಬಂತು: "ಅಹೋ ಮ್ಯಾಡಮ್, ಸಗಳಂ ದಿಸತಂಯ!" ಎಲ್ಲಾ ಕಾಣಾಕತ್ತೈತಿ ಅಂತ. ಐದು ಬಿಡ್ರಿ, ಖಾತೆ ತಗದ ದಿನದಿಂದ ಇವತ್ತಿನ ತನಕ ಎಲ್ಲಾ ಎಂಟ್ರಿ ಗಿರಾಕಿ ಮುಂದ ಸರಸರ ಅಂತ ಓಡಾಕತ್ತಿದ್ವು.

ನಮ್ಮ ಟೀಮಿನ ಕಲಬುರ್ಗಿ ಹುಡುಗ ಹಿಂಜವಡಿ ಆಫೀಸಿನ್ಯಾಗ ಇದ್ದ, ಕಾಲ್ ಮ್ಯಾಲೆ ಸ್ಕ್ರೀನ್ ಶೇರ್ ಮಾಡ್ದ. ಜಾವಾಸ್ಕ್ರಿಪ್ಟ್ ಕೋಡ್, ಹಳೇದು, ಬರದವ್ರು ಯಾವಾಗೋ ಕಂಪನಿ ಬಿಟ್ಟಾರ, ಸಾಲು ನೋಡಿದ್ರ ಎಷ್ಟು ಚೆಂದ: ಎಂಟ್ರೀಸ್.ಸ್ಲೈಸ್(-ಎನ್). ಸ್ಲೈಸ್ ಅಂದ್ರ ಪಟ್ಟಿಯಿಂದ ಒಂದು ತುಂಡು ಕತ್ತರಿಸಿ ಕೊಡೂದು, ಎನ್ ಅಂದ್ರ ಸೆಟ್ಟಿಂಗ್‌ನ್ಯಾಗಿನ ಆ ನಂಬರ್. ಓದಿದ್ರ ಕಡೀ ಎನ್ ಐಟಂ ಅಂತನ ಅನಸ್ತೈತಿ, ಮತ್ತ 1ರಿಂದ ಮುಂದ ಎಷ್ಟು ಕೊಟ್ರೂ ಹಂಗ ನಡೀತೈತಿ. ಮೂರ ಎಂಟ್ರಿ ಇರೋ ಹೊಸ ಖಾತೆಗೆ ಸ್ಲೈಸ್(-5) ಅಂದ್ರೂ ತಕರಾರಿಲ್ಲ, ಸುಮ್ನ ಮೂರೂ ಕೊಡ್ತೈತಿ.

"ಅಕ್ಕಾ, ಎನ್ ಝೀರೋ ಆದ್ರ ಅಷ್ಟೂ ಬರ್ಲಕತ್ತಾವ ನೋಡ್ರಿ" ಅಂದ.

ಒಳಗ ನಡಿಯೂದು ಇಷ್ಟ. ಶುರುವಿನ ನಂಬರ್ ಝೀರೋಕಿಂತ ಕಡಿಮಿ ಇದ್ರ ಸ್ಲೈಸ್ ಅದಕ್ಕ ಲೆಂತ್, ಅಂದ್ರ ಒಟ್ಟು ಐಟಂ ಎಷ್ಟು ಅನ್ನೂದು, ಕೂಡಸ್ತೈತಿ, ಅಂದ್ರ 10 ಐಟಂ ಇದ್ದಾಗ -3 ಕೊಟ್ರ 7ನೇ ಇಂಡೆಕ್ಸ್‌ನಿಂದ ಶುರು (ಇಂಡೆಕ್ಸ್ ಎಣಿಕಿ 0ಯಿಂದ), ಕೂಡಿಸಿದ ಮ್ಯಾಲೂ ಮೈನಸ್ ಉಳದ್ರ 0 ಅಂತ ಹಿಡೀತೈತಿ. ಆದ್ರ -0 ಝೀರೋಕಿಂತ ಕಡಿಮಿ ಅಲ್ಲಲ್ಲ. ಜಾವಾಸ್ಕ್ರಿಪ್ಟ್‌ನ್ಯಾಗ -0 ಅಂತ ಒಂದು ಖರೇನ ಐತಿ, ಕನ್ಸೋಲ್‌ನ್ಯಾಗ ಬರದ್ರ -0 ಅಂತನ ತೋರಸ್ತೈತಿ, ಎರಡು ಬೆಲೆ ಒಂದೇನು ಅಂತ ಹೋಲಿಸೋ ಆಬ್ಜೆಕ್ಟ್.ಈಸ್‌ಗೆ ಕೇಳಿದ್ರ 0 ಬ್ಯಾರೆ -0 ಬ್ಯಾರೆ ಅಂತೈತಿ, ಮೂರು ಈಕ್ವಲ್ ಹಾಕಿ ಕೇಳಿದ್ರ ಎರಡೂ ಒಂದ ಅಂತೈತಿ. ಸ್ಲೈಸ್ ಮಾತ್ರ ಬಂದ ನಂಬರನ್ನ ಮೊದ್ಲ ಇಂಟಿಜರ್ (ಪೂರ್ಣಾಂಕ) ಮಾಡಕೋತೈತಿ, ಅಲ್ಲಿಗೆ ಆ ಮೈನಸ್ ಉದುರಿ ಹೋತು, ಸ್ಲೈಸ್(0) ಆತು, ಪೂರಾ ಅರೇ (ಪಟ್ಟಿ) ಕೈಗೆ ಬಂತು. ಎರರ್ ಇಲ್ಲ ಏನಿಲ್ಲ. ಇದನ್ನ ಯಾರೂ ಈಗ ಬದಲಿ ಮಾಡಂಗಿಲ್ಲ, ಜಾವಾಸ್ಕ್ರಿಪ್ಟ್ ಸ್ಟ್ಯಾಂಡರ್ಡಿನ 1999ರ ಮೂರನೇ ಎಡಿಷನ್ನಿನಿಂದ ಇರೋ ಮೆಥಡ್, ಮುಟ್ಟಿದ್ರ ಎಷ್ಟು ಸೈಟ್ ಬೀಳ್ತಾವೋ. ಪೈಥಾನ್‌ನ್ಯಾಗ ಹಿಂಗಿರಂಗಿಲ್ಲ ಅಂತ ಹುಡುಗ ಅಂದ, ಬರದು ನೋಡು ಅಂದೆ, ಅಲ್ಲೂ ಲಿಸ್ಟ್ ಪೂರಾ ಬಂತು.

ಅಂವ ಜಾಣ, ಮೈನಸ್ ಎನ್ ತಗದು ಸ್ಲೈಸ್(ಲೆಂತ್ - ಎನ್) ಅಂತ ಬರದ. ಝೀರೋಕ್ಕ ಖಾಲಿ ಅರೇ ಬಂತು, ಪುಶ್ ಮಾಡ್ಲೇನ್ರಿ ಅಕ್ಕಾ ಅಂದ. ತಡಿ ತಮ್ಮಾ, ಆ ಮೂರು ಎಂಟ್ರಿ ಖಾತೆಗೆ 5 ಕೊಟ್ಟು ನೋಡು ಅಂದೆ. ಎರಡ ಬಂದ್ವು! 3ರಾಗ 5 ಕಳದ್ರ -2, ಸ್ಲೈಸ್ ಅದನ್ನ ಮತ್ತ ಹಿಂದಿನಿಂದ ಎಣಸ್ತು. ಇದು ಮೊದಲಿನಕಿಂತ ಕೆಟ್ಟ ಅಂತ ನನ್ನ ಅಭಿಪ್ರಾಯ, ಯಾಕಂದ್ರ ಎಲ್ಲಾ ಕಂಡ್ರ ಯಾರಾದ್ರೂ ಬಡಕೋತಾರ, ಒಂದ ಎಂಟ್ರಿ ಕಾಣದಿದ್ರ ತಿಂಗಳಾನುಗಟ್ಲೆ ಯಾರಿಗೂ ಗೊತ್ತಾಗಂಗಿಲ್ಲ. ಕಡೀಕ ಮ್ಯಾಥ್.ಮ್ಯಾಕ್ಸ್(ಲೆಂತ್ - ಎನ್, 0) ಅಂತ ಹಾಕಿದ್ವಿ, ಎರಡರಾಗ ದೊಡ್ಡ ನಂಬರ್ ತಗೊಳ್ಳೂದು, ಎರಡೂ ಕಡೆ ಸರಿ ಆತು. ಲೋಡ್ಯಾಶ್ ಅನ್ನೋ ಲೈಬ್ರರಿ ಇದ್ದಿದ್ರ ಅದರ ಟೇಕ್‌ರೈಟ್ ಈ ಕೆಲಸ ಮಾಡ್ತಿತ್ತು, ಆ ಪ್ರಾಜೆಕ್ಟ್‌ನ್ಯಾಗ ಅದು ಇರಲಿಲ್ಲ.

ಹೆಂಗೂ ಕುಂತಿದ್ವಲ್ಲ, ಇಡೀ ಕೋಡ್‌ನ್ಯಾಗ ಸ್ಲೈಸ್ ಎಲ್ಲೆಲ್ಲಿ ಐತಿ ಅಂತ ಹುಡುಕಿದ್ವಿ. ಸ್ಲೈಸ್(-1), ಸ್ಲೈಸ್(-4) ಅಂತ ನಂಬರ್ ನೇರ ಬರದದ್ದು ಬಿಟ್ವಿ, ಅದಕ್ಕೇನೂ ಆಗಂಗಿಲ್ಲ, ಮೈನಸ್ ಮುಂದ ವೇರಿಯೇಬಲ್ ಇದ್ರ ಅಷ್ಟ ನಾನು ಅನುಮಾನ ಪಡೂದು. ರಿಪೋರ್ಟ್‌ನ್ಯಾಗ ಒಂದು ಸ್ಲೈಸ್(0, -ಎನ್) ಸಿಕ್ತು, ಕಡೀ ಎನ್ ಸಾಲು ಬಿಡಾಕ. ಅಲ್ಲಿ ಝೀರೋ ಬಂದ್ರ ಉಲ್ಟಾ, ಏನೂ ಬಿಡಬ್ಯಾಡ ಅಂದ್ರ ಎಲ್ಲಾ ಬಿಟ್ಟು ಖಾಲಿ ಕೊಡ್ತೈತಿ. ಇನ್ನೊಂದು ಕಡೆ ಖಾತೆ ನಂಬರಿನ್ಯಾಗ ಡ್ಯಾಶ್ ತನಕ ಕತ್ತರಿಸಾಕ ಸ್ಲೈಸ್(0, ಇಂಡೆಕ್ಸ್‌ಆಫ್) ಬರದಿದ್ರು, ಇಂಡೆಕ್ಸ್‌ಆಫ್ ಅಂದ್ರ ಡ್ಯಾಶ್ ಎಷ್ಟನೇ ಜಾಗಾದಾಗ ಐತಿ ಅಂತ ಹೇಳೂದು. ಡ್ಯಾಶ್ ಇಲ್ಲದ ಹಳೇ ನಂಬರ್ ಬಂದ್ರ ಇಂಡೆಕ್ಸ್‌ಆಫ್ -1 ಕೊಡ್ತೈತಿ, ಸ್ಲೈಸ್ ಪಾಪ ಕಡೀ ಅಂಕಿ ತಗದು ಉಳದದ್ದು ಕೊಡ್ತೈತಿ. ಸಬ್‌ಸ್ಟ್ರಿಂಗ್ ಇದ್ದಿದ್ರ -1ನ್ನ 0 ಅಂತ ಹಿಡದು ಖಾಲಿ ಕೊಟ್ಟಿರ್ತಿತ್ತು, ಖಾಲಿ ಆದ್ರ ಕಣ್ಣಿಗಾದ್ರೂ ಬೀಳ್ತೈತಿ. 2022ರಾಗ ಬಂದ ಆಟ್ ಮೆಥಡ್ ಹಾಕೋಣೇನ್ರಿ ಅಂತ ಹುಡುಗ ಕೇಳ್ದ, ಒಂದ ಐಟಂ ಬೇಕಾದ್ರ ಹಾಕು, ಆದ್ರ ಆಟ್(-0) ಅಂದ್ರ ಅದೂ ಮೊದಲನೇದ ಕೊಡ್ತೈತಿ ಅಂದೆ.

ಟೆಸ್ಟ್‌ನ್ಯಾಗ 0, ಲೆಂತಿನಷ್ಟ, ಲೆಂತ್‌ಕಿಂತ ಜಾಸ್ತಿ, ಖಾಲಿ ಅರೇ ಎಲ್ಲಾ ಸೇರಿಸಿ, ಸಂಜೀಕ ಬಿಲ್ಡ್ ಹಾಕಿ ಪತಸಂಸ್ಥೆಗೆ ಫೋನ್ ಮಾಡ್ದೆ. ಮ್ಯಾನೇಜರ್ ನೋಡಿ ಹೌದು ಈಗ ಏನೂ ಕಾಣ್ತಿಲ್ಲ ಅಂದ್ರು, ಹಂಗ ಮುಂದುವರದು, ಸ್ಕ್ರೀನ್ ಖಾಲಿ ಐತಲ್ಲ, ಅಲ್ಲಿ ಠೇವಣಿ ಬಡ್ಡಿ ದರದ ಜಾಹೀರಾತು ಹಾಕಾಕ ಬರ್ತೈತೇನು ಅಂತ ಕೇಳಿದ್ರು.