ತೋಳಿನಲ್ಲಿ ಸಿಕ್ಕ ಎರಡನೇ ನಾಳ

ಮೃತದೇಹ ಕೊಯ್ದು ಕಲಿಯುವ ಡಿಸೆಕ್ಷನ್ ಹಾಲ್ ಅಂದ ಕೂಡಲೇ ಎಲ್ಲರೂ ಕೇಳುವುದು ಮೊದಲ ದಿನದ ಬಗ್ಗೆ. ಹೆದರಿಕೆ ಆಯ್ತಾ, ತಲೆ ಸುತ್ತಿತಾ ಅಂತ. ಫಾರ್ಮಲಿನ್ ವಾಸನೆಗೆ ಕಣ್ಣು ಉರಿದಿತ್ತು, ಅಷ್ಟೆ. ಮನಸ್ಸಿನಲ್ಲಿ ಗಟ್ಟಿಯಾಗಿ ಉಳಿದಿರುವುದು ಎಂಬಿಬಿಎಸ್ ಮೊದಲ ವರ್ಷದ ಇನ್ನೊಂದು ದಿನ.

ಅವತ್ತು ನಮ್ಮ ಟೇಬಲ್‌ನವರ ಪಾಲಿಗೆ ತೋಳು ಬಂದಿತ್ತು. ಪುಸ್ತಕದ ಚಿತ್ರದಲ್ಲಿ ಅಪಧಮನಿ ಕೆಂಪು, ಅಭಿಧಮನಿ ನೀಲಿ, ನರ ಹಳದಿ. ಎದುರಿಗಿದ್ದ ದೇಹದಲ್ಲಿ ಎಲ್ಲವೂ ಹೆಚ್ಚುಕಡಿಮೆ ಒಂದೇ ಬಣ್ಣ. ಬೆರಳುಗಳ ನಡುವೆ ಹಿಡಿದು ಉರುಳಿಸಿದರೇ ಗೊತ್ತಾಗುವುದು. ನರ ಹುರಿಯಂತೆ ಗಟ್ಟಿ. ಅಪಧಮನಿಯ ಗೋಡೆ ದಪ್ಪ, ಒಳಗೆ ಟೊಳ್ಳು. ಅಭಿಧಮನಿ ತೆಳ್ಳಗೆ, ಚಪ್ಪಟೆ. ಈ ವ್ಯತ್ಯಾಸ ಕಣ್ಣಿಗಿಂತ ಮೊದಲು ಕೈಗೆ ಸಿಗುತ್ತದೆ.

ತೋಳಿನಲ್ಲಿ ಇಳಿಯುವ ಮುಖ್ಯ ಅಪಧಮನಿ, ಅಂದರೆ ಬ್ರೇಕಿಯಲ್ ಆರ್ಟರಿ, ಸಾಮಾನ್ಯವಾಗಿ ಮೊಣಕೈ ಮುಂಭಾಗಕ್ಕೆ ಬಂದ ಮೇಲೆ ರೇಡಿಯಲ್, ಅಲ್ನರ್ ಅಂತ ಎರಡಾಗುತ್ತದೆ. ನಮಗೆ ತೋಳಿನ ನಡುವೆಯೇ ಎರಡು ಸಿಕ್ಕವು. "ಇನ್ನೊಂದು ನರ ಇರ್ಬೇಕು ಕಣೇ" ಅಂದಳು ಗೆಳತಿ. ಹಿಡಿದು ನೋಡಿದರೆ ಟೊಳ್ಳು. ಕತ್ತರಿ ಪಕ್ಕಕ್ಕಿಟ್ಟು, ಫೋರ್ಸೆಪ್ಸ್‌ನಲ್ಲಿ ಕೊಬ್ಬು ಸರಿಸುತ್ತಾ ಅದರ ಹಿಂದೆಯೇ ಹೋದೆವು. ಮೇಲೆ, ಕಂಕುಳಿಗಿಂತ ತುಸು ಕೆಳಗೆ, ಅದು ಬ್ರೇಕಿಯಲ್‌ಗೆ ಸೇರಿತು. ಕೆಳಗೆ ಮಣಿಕಟ್ಟಿನ ತನಕ ಹೋಯಿತು, ನಾಡಿ ಹಿಡಿದು ನೋಡುವ ಜಾಗಕ್ಕೇ.

ಮೇಡಂ ಬಂದು ನೋಡಿದವರೇ ಬೇರೆ ಟೇಬಲ್‌ನವರನ್ನೂ ಕರೆದರು. ರೇಡಿಯಲ್ ಆರ್ಟರಿ ಇಷ್ಟು ಮೇಲೆಯೇ ಹುಟ್ಟುವುದು ಕೆಲವರಲ್ಲಿ ಉಂಟು. ಅಂಥ ನಾಳ ಒಮ್ಮೊಮ್ಮೆ ಮೊಣಕೈ ಬಳಿ ಚರ್ಮಕ್ಕೆ ತೀರಾ ಹತ್ತಿರ ಹಾದುಹೋಗುತ್ತದೆ. ಅಭಿಧಮನಿ ಅಂದುಕೊಂಡು ಅದಕ್ಕೆ ಔಷಧಿ ಚುಚ್ಚಿದರೆ ಬೆರಳುಗಳೇ ಹೋಗಬಹುದು. "ಸೂಜಿ ಹಾಕೋ ಮುಂಚೆ ಬೆರಳಿಟ್ಟು ನೋಡಿ, ಅಲ್ಲಿ ಮಿಡಿತ ಇದೆಯಾ ಅಂತ" ಅಂದರು. ಇವತ್ತಿಗೂ ನನ್ನ ಬೆರಳು ಮೊದಲು ಅಲ್ಲಿಗೇ ಹೋಗುತ್ತದೆ.

ಆ ಅಜ್ಜನಿಗೆ ತನ್ನ ತೋಳೊಳಗೆ ಹೀಗಿದೆ ಅನ್ನುವುದು ಬದುಕಿಡೀ ಗೊತ್ತಿರಲಿಕ್ಕಿಲ್ಲ. ನಮಗೆ ಗೊತ್ತಾಗಿದ್ದು ಅವರು ದೇಹದಾನ ಮಾಡಿದ್ದರಿಂದ. ಈಗ ಪರದೆಯ ಮೇಲೆ ಪದರ ಪದರವಾಗಿ ದೇಹ ತೋರಿಸುವ ಡಿಜಿಟಲ್ ಟೇಬಲ್‌ಗಳಿವೆ. ಮತ್ತೆ ಮತ್ತೆ ಓದಿಕೊಳ್ಳಲು ತುಂಬಾ ಒಳ್ಳೆಯವು. ಆದರೆ ಅದರೊಳಗೆ ಯಾರೋ ಮೊದಲೇ ಹಾಕಿಟ್ಟಿದ್ದಷ್ಟೇ ಸಿಗುತ್ತದೆ, ಅಲ್ವಾ? ಇಂಥ ನಾಳವನ್ನು ನಾವೇ ಹುಡುಕಿಕೊಳ್ಳಲು ನಿಜವಾದ ದೇಹವೇ ಬೇಕು.

2010ರಲ್ಲಿ ಬೆಳಗಾವಿಯಲ್ಲಿ ಅನಾಟಮಿ ಅಧ್ಯಾಪಕರಾಗಿದ್ದ ಡಾ. ಮಹಾಂತೇಶ ರಾಮಣ್ಣವರ ಅವರು ತಮ್ಮ ತಂದೆಯ ದೇಹವನ್ನೇ ವಿದ್ಯಾರ್ಥಿಗಳ ಮುಂದೆ ಡಿಸೆಕ್ಷನ್ ಮಾಡಿದರು. ಅದು ತಂದೆಯದೇ ಆಸೆಯಾಗಿತ್ತು. ಮಗನಿಗೆ ಅದೆಷ್ಟು ಗಟ್ಟಿ ಮನಸ್ಸು ಬೇಕಾಗಿತ್ತೋ! ದೇಹದಾನದ ಬಗ್ಗೆ ಕೇಳುವವರಿಗೆ ನಾನು ಈ ಅಪ್ಪ ಮಗನ ವಿಷಯ ಹೇಳುತ್ತೇನೆ. ಜೊತೆಗೆ ಇನ್ನೊಂದು ಮಾತು: ಮೆಡಿಕಲ್ ಕಾಲೇಜಿನ ಅನಾಟಮಿ ವಿಭಾಗದಲ್ಲಿ ಫಾರ್ಮ್ ತುಂಬಿದ ದಿನವೇ ಮನೆಯವರಿಗೂ ಹೇಳಿಬಿಡಿ. ಕೊನೆಗೆ ಕಾಲೇಜಿಗೆ ಫೋನ್ ಮಾಡಬೇಕಾದವರು ಅವರೇ.