ಇಷ್ಟು ದೊಡ್ಡ ಕಾಯಿಲೆಯಲ್ಲಿ ಧೈರ್ಯ ತಂದುಕೊಳ್ಳುವುದು ಹೇಗೆ?

ಈ ಪ್ರಶ್ನೆ ನನ್ನ ಹತ್ತಿರ ಮೂರು ಬಗೆಯಲ್ಲಿ ಬರುತ್ತದೆ. ಕ್ಯಾನ್ಸರಿನಂಥ ಕಾಯಿಲೆಯಲ್ಲಿರುವವರು, "ಧೈರ್ಯವಾಗಿರು, ಪಾಸಿಟಿವ್ ಆಗಿರು ಅಂತ ಎಲ್ಲರೂ ಹೇಳ್ತಾರೆ. ನನ್ನ ಕೈಲಿ ಆಗ್ತಿಲ್ಲ. ಹೀಗೆ ಅಳ್ತಾ ಇದ್ದರೆ ಕಾಯಿಲೆ ಇನ್ನೂ ಜಾಸ್ತಿ ಆಗುತ್ತಾ?" ಎನ್ನುತ್ತಾರೆ. ಮನೆಯವರು, "ಅವರಿಗೆ ಧೈರ್ಯ ತುಂಬೋದು ಹೇಗೆ?" ಎಂದು ಕೇಳುತ್ತಾರೆ. ದೇವರನ್ನು ನಂಬಿದವರು ದನಿ ತಗ್ಗಿಸಿ ಕೇಳುವುದು ಇನ್ನೊಂದು: "ಪ್ರಾರ್ಥನೆಗೆ ಕೂತರೆ ದೇವರ ಮೇಲೇ ಸಿಟ್ಟು ಬರುತ್ತೆ. ತಪ್ಪಲ್ವಾ?"

ಮೊದಲನೆಯದಕ್ಕೆ ನೇರ ಉತ್ತರ: ಇಲ್ಲ. ಅತ್ತರೆ ಗಡ್ಡೆ ಬೆಳೆಯುವುದಿಲ್ಲ, ನಕ್ಕರೆ ಕರಗುವುದೂ ಇಲ್ಲ. ಈ ಭಯ ಎಲ್ಲಿಂದ ಬಂತು ಎಂದರೆ, 1979ರಲ್ಲಿ ಲಂಡನ್ನಿನಲ್ಲಿ ನಡೆದ ಒಂದು ಸಣ್ಣ ಅಧ್ಯಯನ, ಹೋರಾಟದ ಮನೋಭಾವ ಇದ್ದ ಸ್ತನ ಕ್ಯಾನ್ಸರ್ ರೋಗಿಗಳ ಸ್ಥಿತಿ ಉಳಿದವರಿಗಿಂತ ಚೆನ್ನಾಗಿತ್ತು ಎಂದು ಹೇಳಿತು. ಆ ಮಾತು ಜಗತ್ತೆಲ್ಲ ಹರಡಿತು. 1999ರಲ್ಲಿ 578 ಮಹಿಳೆಯರನ್ನು ಗಮನಿಸಿದ ದೊಡ್ಡ ಅಧ್ಯಯನದಲ್ಲಿ ಹೋರಾಟದ ಮನೋಭಾವಕ್ಕೂ ಬದುಕಿ ಉಳಿಯುವುದಕ್ಕೂ ಸಂಬಂಧ ಕಾಣಲಿಲ್ಲ. 2007ರಲ್ಲಿ ತಲೆ ಮತ್ತು ಕುತ್ತಿಗೆ ಕ್ಯಾನ್ಸರಿನ ಸಾವಿರಕ್ಕೂ ಹೆಚ್ಚು ರೋಗಿಗಳ ಅಧ್ಯಯನದಲ್ಲಿ ಮನಸ್ಸಿನ ನೆಮ್ಮದಿಗೂ ಬದುಕಿ ಉಳಿಯುವುದಕ್ಕೂ ಸಂಬಂಧ ಕಾಣಲಿಲ್ಲ. ಆ ಎರಡನೇ ಸುದ್ದಿ ಮಾತ್ರ ಯಾರ ಕಿವಿಗೂ ಬೀಳಲಿಲ್ಲ. ಹಾಗಾಗಿ ಇವತ್ತಿಗೂ ಸ್ಕ್ಯಾನ್ ರಿಪೋರ್ಟ್ ಕೆಟ್ಟದಾಗಿ ಬಂದಾಗ, "ನಾನೇ ಸರಿಯಾಗಿ ಧೈರ್ಯ ಮಾಡಲಿಲ್ಲ" ಎಂದು ಕೊರಗುವವರಿದ್ದಾರೆ. ಕಾಯಿಲೆಯ ಭಾರ ಸಾಲದೆಂದು ಅದರ ಮೇಲೆ ತಪ್ಪಿತಸ್ಥ ಭಾವನೆಯನ್ನೂ ಹೊರಿಸುವುದು ಕ್ರೌರ್ಯ. ಇದನ್ನು ಮೊದಲು ಇಳಿಸಿ.

1999ರ ಅದೇ ಅಧ್ಯಯನ ಇನ್ನೊಂದನ್ನೂ ಹೇಳಿತ್ತು. ತೀವ್ರ ಖಿನ್ನತೆ ಇದ್ದವರಲ್ಲಿ, ಪೂರ್ತಿ ಕೈಚೆಲ್ಲಿ ಕೂತವರಲ್ಲಿ ಫಲಿತಾಂಶ ಕೆಟ್ಟದಿತ್ತು. ಖಿನ್ನತೆಯಲ್ಲಿರುವವರು ಮಾತ್ರೆ ಬಿಡುತ್ತಾರೆ, ಊಟ ಬಿಡುತ್ತಾರೆ, ಆಸ್ಪತ್ರೆಯ ತಾರೀಖು ತಪ್ಪಿಸುತ್ತಾರೆ. ಆದ್ದರಿಂದ ಗುರಿ ಇಡಬೇಕಾದ್ದು ನಗುಮುಖದ ಮೇಲಲ್ಲ. ಬೇಸರಕ್ಕೆ ಜಾಗ ಕೊಟ್ಟು, ಕೈಚೆಲ್ಲುವ ಸ್ಥಿತಿ ಬರದಂತೆ ನೋಡಿಕೊಳ್ಳುವುದು. ಇದು ದಿನಾ ಮಾಡುವ ಕೆಲಸ, ಮತ್ತು ಶುರುವಾಗುವುದು ಮನಸ್ಸಿನಿಂದಲ್ಲ, ದೇಹದಿಂದ.

ನೋವಿನಲ್ಲಿ ಒದ್ದಾಡುತ್ತಿರುವವರಿಗೆ ಯಾವ ಮಂತ್ರವೂ ಹತ್ತುವುದಿಲ್ಲ. 1967ರಲ್ಲಿ ಲಂಡನ್ನಿನಲ್ಲಿ ಕೊನೆಗಾಲದ ರೋಗಿಗಳ ಆರೈಕೆಗೆ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಆರಂಭಿಸಿದ ವೈದ್ಯೆ ಸಿಸಿಲಿ ಸಾಂಡರ್ಸ್, ನೋವು ದೇಹದ್ದು, ಮನಸ್ಸಿನದ್ದು, ಸಂಬಂಧಗಳದ್ದು, ಆತ್ಮದ್ದು ನಾಲ್ಕೂ ಹೆಣೆದುಕೊಂಡಿರುತ್ತದೆ ಎಂದು ತೋರಿಸಿಕೊಟ್ಟರು. ಒಂದನ್ನು ಬಿಟ್ಟು ಇನ್ನೊಂದಕ್ಕೆ ಮದ್ದು ಮಾಡಲಾಗದು. ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು: ನೋವು ತಡೆಯಲಾರದ ಮಟ್ಟ ಮುಟ್ಟುವವರೆಗೂ ಮಾತ್ರೆ ನುಂಗದೆ ಸಹಿಸುವುದು. ವಿಶ್ವ ಆರೋಗ್ಯ ಸಂಸ್ಥೆ 1986ರಿಂದಲೇ ಹೇಳುತ್ತಿರುವುದು, ಸದಾ ಇರುವ ನೋವಿಗೆ ಗಡಿಯಾರ ನೋಡಿ ಮಾತ್ರೆ ಕೊಡಿ ಎಂದು. ಸಾಮಾನ್ಯ ಮಾರ್ಫಿನ್ ಮಾತ್ರೆಯ ಪ್ರಭಾವ ಸುಮಾರು 4 ಗಂಟೆ. ಅದು ಪೂರ್ತಿ ಇಳಿಯುವ ಮೊದಲೇ ಮುಂದಿನದು ಹೋಗಬೇಕು. ನೋವು ಏರಿದ ಮೇಲೆ ಇಳಿಸಲು ಹೆಚ್ಚು ಮದ್ದು ಬೇಕಾಗುತ್ತದೆ. ಮಾರ್ಫಿನ್ ಎಂದರೆ ಇನ್ನು ಮುಗಿಯಿತು ಎಂಬ ಅರ್ಥವಲ್ಲ. ಮೊದಲ ಕೆಲವು ದಿನ ಮಂಪರು, ವಾಕರಿಕೆ ಇದ್ದು ಕಡಿಮೆಯಾಗುತ್ತದೆ. ಮಲಬದ್ಧತೆ ಮಾತ್ರ ತಾನಾಗಿ ಹೋಗುವುದಿಲ್ಲ, ಅದಕ್ಕೆ ಮೊದಲ ದಿನದಿಂದಲೇ ಬೇರೆ ಔಷಧಿ ಕೇಳಿ ಪಡೆಯಿರಿ. ಇದನ್ನು ಹೇಳದೆ ಬಿಟ್ಟ ಕಾರಣಕ್ಕೇ ಎಷ್ಟೋ ಜನ ಮಾರ್ಫಿನ್ ನಿಲ್ಲಿಸಿ ಮತ್ತೆ ನೋವಿಗೆ ಬೀಳುತ್ತಾರೆ.

ಮನಸ್ಸು ಸೋತಿದೆ ಎಂದು ತೀರ್ಮಾನಿಸುವ ಮೊದಲು ಔಷಧಿಗಳ ಪಟ್ಟಿಯನ್ನೂ ನೋಡಿ. ಡೆಕ್ಸಾಮೆಥಾಸೋನ್‌ನಂಥ ಸ್ಟೆರಾಯ್ಡ್ ನಿದ್ದೆ ಕೆಡಿಸುತ್ತದೆ, ಸಿಟ್ಟು ತರಿಸುತ್ತದೆ, ಕೋರ್ಸ್ ಮುಗಿದಾಗ ಒಮ್ಮೆಲೇ ಕುಗ್ಗಿಸುತ್ತದೆ. ಅದನ್ನು ಬೆಳಿಗ್ಗೆ ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಿ; ನಿಮ್ಮಷ್ಟಕ್ಕೇ ಹಠಾತ್ ನಿಲ್ಲಿಸಬೇಡಿ, ಅಪಾಯ. ಹಿಮೋಗ್ಲೋಬಿನ್, ಥೈರಾಯ್ಡ್, ಬಿ12, ಸೋಡಿಯಂ ಕಡಿಮೆಯಾದರೂ ಮಂಕು ಕವಿಯುತ್ತದೆ. ಒಂದು ರಕ್ತ ಪರೀಕ್ಷೆಯಲ್ಲಿ ತಿಳಿಯುವುದನ್ನು ಸ್ವಭಾವದ ದೋಷ ಎಂದು ಬೈದುಕೊಳ್ಳುವುದು ಬೇಡ.

ದುಃಖವೆಲ್ಲ ಖಿನ್ನತೆಯಲ್ಲ. ದುಃಖದಲ್ಲಿರುವವರಿಗೆ ಮೊಮ್ಮಗು ಬಂದರೆ ಒಂದು ಗಳಿಗೆ ಮುಖ ಅರಳುತ್ತದೆ. 2 ವಾರ, ದಿನದ ಬಹುಪಾಲು, ಯಾವುದರಲ್ಲೂ ಆಸಕ್ತಿಯಿಲ್ಲ, ತಾನು ಎಲ್ಲರಿಗೂ ಹೊರೆ ಎಂಬ ಒಂದೇ ರಾಗ ಇದ್ದರೆ ಅದು ಚಿಕಿತ್ಸೆ ಬೇಕಾದ ಖಿನ್ನತೆ ಇರಬಹುದು. ಸುಸ್ತು, ಹಸಿವಿಲ್ಲದಿರುವುದು ಕಾಯಿಲೆಯಿಂದಲೂ ಬರುತ್ತದಾದ್ದರಿಂದ ಅವುಗಳಿಂದ ಅಳೆಯಬೇಡಿ. ಔಷಧಿ ಕೊಟ್ಟರೆ ಗುಣ ಕಾಣಲು ಕೆಲವು ವಾರ ಬೇಕು, ನಾಲ್ಕೇ ದಿನಕ್ಕೆ ಬಿಡಬೇಡಿ. ಸ್ತನ ಕ್ಯಾನ್ಸರಿಗೆ ಟ್ಯಾಮಾಕ್ಸಿಫೆನ್ ಮಾತ್ರೆ ತೆಗೆದುಕೊಳ್ಳುತ್ತಿರುವವರು ಮನೋವೈದ್ಯರಿಗೆ ಅದನ್ನು ತಪ್ಪದೆ ಹೇಳಬೇಕು. ಖಿನ್ನತೆಗೆ ಕೊಡುವ ಪ್ಯಾರಾಕ್ಸೆಟಿನ್, ಫ್ಲೂಆಕ್ಸೆಟಿನ್ ಅದರ ಕೆಲಸಕ್ಕೆ ಅಡ್ಡಿಯಾಗುತ್ತವೆ, ಬೇರೆ ಮಾತ್ರೆಗಳಿವೆ.

ಇನ್ನು ರಾತ್ರಿಯ ಯೋಚನೆಗಳು. "ಯೋಚನೆ ಮಾಡಬೇಡ" ಎನ್ನುವುದರಿಂದ ಪ್ರಯೋಜನವಿಲ್ಲ. ಯೋಚನೆಗೆ ಒಂದು ಹೊತ್ತು ಗೊತ್ತುಮಾಡಿ. ಸಂಜೆ 5ಕ್ಕೋ 6ಕ್ಕೋ, ದಿನಾ ಅದೇ ಹೊತ್ತು, 20 ನಿಮಿಷ, ಕುರ್ಚಿಯಲ್ಲಿ ಕೂತು; ಹಾಸಿಗೆಯಲ್ಲಿ ಬೇಡ. ಒಂದು ಹಾಳೆಯನ್ನು ಉದ್ದಕ್ಕೆ ಮಡಿಸಿ. ಎಡಗಡೆ, ಯಾರನ್ನಾದರೂ ಕೇಳಿದರೆ ಉತ್ತರ ಸಿಗುವಂಥವು: "ಮುಂದಿನ ಸ್ಕ್ಯಾನ್ ಯಾವಾಗ? ಕೈ ಜೋಮು ಹಿಡಿಯುವುದು ಕೀಮೋದಿಂದಲೋ? ರಜೆ ಎಷ್ಟು ಉಳಿದಿದೆ?" ಬಲಗಡೆ, ಯಾರಲ್ಲೂ ಉತ್ತರ ಇಲ್ಲದಂಥವು: "ಮಗಳ ಮದುವೆಗೆ ನಾನಿರುತ್ತೇನಾ? ನನಗೇ ಯಾಕೆ ಬಂತು?" ಎಡಗಡೆಯ ಒಂದೊಂದಕ್ಕೂ ಮುಂದೆ ಒಬ್ಬರ ಹೆಸರು, ಒಂದು ದಿನ ಬರೆಯಿರಿ. ಬಲಗಡೆಯದನ್ನು ಬಗೆಹರಿಸಲು ಹೋಗಬೇಡಿ. ಓದಿ, ನಿಮ್ಮ ನಂಬಿಕೆಯಿದ್ದಲ್ಲಿ ದೇವರಿಗೆ ಒಪ್ಪಿಸಿ, ಇಲ್ಲವೇ ನಂಬುಗೆಯ ಒಬ್ಬರ ಮುಂದೆ ಗಟ್ಟಿಯಾಗಿ ಹೇಳಿ. ಹಾಳೆ ಮಡಿಸಿಡಿ. ರಾತ್ರಿ 3 ಗಂಟೆಗೆ ಅದೇ ಯೋಚನೆ ಬಂದರೆ, "ಬರೆದಾಗಿದೆ, ನಾಳೆ ಸಂಜೆ ನೋಡೋಣ" ಎನ್ನಿ. ಮೊದಲ ವಾರ ಇದು ಕೆಲಸ ಮಾಡುವುದಿಲ್ಲ, ಅಭ್ಯಾಸವಾದಂತೆ ಹಿಡಿತಕ್ಕೆ ಬರುತ್ತದೆ. ಕೆಡುವುದು ಎಲ್ಲಿ ಎಂದರೆ, ಆ 20 ನಿಮಿಷದಲ್ಲಿ ಮೊಬೈಲ್ ತೆಗೆದು ಹುಡುಕಲು ಶುರು ಮಾಡಿದಾಗ. ಮೊಬೈಲ್ ಬೇರೆ ಕೋಣೆಯಲ್ಲಿರಲಿ.

ಹುಡುಕಿದವರ ಕಣ್ಣಿಗೆ ಬೀಳುವುದು ಅಂಕಿಗಳು, "ಮೀಡಿಯನ್ ಆಯಸ್ಸು ಇಷ್ಟು ತಿಂಗಳು" ಎಂಬುದು. ಮೀಡಿಯನ್ ಎಂದರೆ ಗಡುವಲ್ಲ. ಅರ್ಧ ಜನ ಅದಕ್ಕಿಂತ ಕಡಿಮೆ, ಅರ್ಧ ಜನ ಅದಕ್ಕಿಂತ ಹೆಚ್ಚು ಬದುಕಿದರು ಎಂದಷ್ಟೇ. ಹೆಚ್ಚು ಬದುಕಿದವರು ಎಷ್ಟು ಹೆಚ್ಚು ಎಂಬುದನ್ನು ಅದು ಹೇಳುವುದೇ ಇಲ್ಲ. ಜೀವವಿಜ್ಞಾನಿ ಸ್ಟೀಫನ್ ಜೇ ಗೂಲ್ಡ್ ಅವರಿಗೆ 1982ರಲ್ಲಿ ಹೊಟ್ಟೆಯ ಒಳಪದರದ ಕ್ಯಾನ್ಸರ್ ಮೀಸೋಥೀಲಿಯೋಮಾ ಪತ್ತೆಯಾದಾಗ ಪುಸ್ತಕಗಳಲ್ಲಿದ್ದ ಮೀಡಿಯನ್ 8 ತಿಂಗಳು. ಅವರು ತೀರಿಕೊಂಡದ್ದು 2002ರಲ್ಲಿ, ಬೇರೆಯದೇ ಕ್ಯಾನ್ಸರಿನಿಂದ. ಎಲ್ಲರಿಗೂ ಹಾಗಾಗುತ್ತದೆ ಎಂದು ಹೇಳುತ್ತಿಲ್ಲ. ಹಳೆಯ ಅಂಕಿ ಹಳೆಯ ಚಿಕಿತ್ಸೆ ಪಡೆದವರದು, ನಿಮ್ಮ ವಯಸ್ಸು, ಹಂತ, ಚಿಕಿತ್ಸೆ ಅದರಲ್ಲಿಲ್ಲ. ವೈದ್ಯರನ್ನು ಹೀಗೆ ಕೇಳಿ: "ನನ್ನಂಥವರಲ್ಲಿ ಚೆನ್ನಾಗಿ ಹೋದರೆ ಹೇಗೆ, ಚೆನ್ನಾಗಿ ಹೋಗದಿದ್ದರೆ ಹೇಗೆ, ಸಾಮಾನ್ಯವಾಗಿ ಹೇಗೆ?" ಮೂರೂ ಒಟ್ಟಿಗೆ ಗೊತ್ತಿದ್ದರೆ ಮನಸ್ಸು ಒಂದೇ ಅಂಕಿಗೆ ಜೋತು ಬೀಳುವುದಿಲ್ಲ. ಕೇಳುವ ಮನಸ್ಸಿಲ್ಲದಿದ್ದರೆ ಕೇಳದಿರುವ ಹಕ್ಕೂ ನಿಮ್ಮದೇ.

ಆಸೆ ಉಳಿಯಬೇಕಾದರೆ ಅದಕ್ಕೆ ಹಿಡಿಯಲು ಏನಾದರೂ ಬೇಕು. ಮನಶ್ಶಾಸ್ತ್ರಜ್ಞ ಸ್ನೈಡರ್ ಪ್ರಕಾರ ಆಸೆಯಲ್ಲಿ ಮೂರು ಸೇರಿವೆ: ಒಂದು ಗುರಿ, ಅದಕ್ಕೆ ಒಂದಕ್ಕಿಂತ ಹೆಚ್ಚು ದಾರಿ, ಆ ದಾರಿಯಲ್ಲಿ ನಡೆಯಬಲ್ಲೆ ಎಂಬ ಭರವಸೆ. "ಪೂರ್ತಿ ಗುಣವಾಗಬೇಕು" ಎಂಬುದೊಂದೇ ಗುರಿಯಾದರೆ ಒಂದು ಕೆಟ್ಟ ರಿಪೋರ್ಟಿಗೆ ಎಲ್ಲವೂ ಕುಸಿಯುತ್ತದೆ. ಅದು ಇರಲಿ. ಅದರ ಜೊತೆಗೆ ಈ ವಾರ ಮುಗಿಸಬಹುದಾದ ಒಂದು ಗುರಿ ಇರಲಿ: ಹಳೆಯ ಫೋಟೋಗಳ ಹಿಂದೆ ಹೆಸರು ಬರೆಯುವುದು, ತಮ್ಮನಿಗೆ ಫೋನ್ ಮಾಡಿ ಹಳೆಯ ಜಗಳ ಮುಗಿಸುವುದು. ಕೀಮೋ ಆದ ಮೊದಲ ಕೆಲವು ದಿನ ಎರಡು ಸಲ 10 ನಿಮಿಷ ಎದ್ದು ಕೂತರೆ ಅದೇ ಗುರಿ. ಚೇತರಿಸಿಕೊಂಡ ದಿನ ಎಲ್ಲ ಕೆಲಸ ಒಮ್ಮೆಲೇ ಹಿಡಿಯಬೇಡಿ. ಮರುದಿನ ಮೇಲೇಳಲಾಗದೆ ಮಲಗಿ, "ಕಾಯಿಲೆ ಜೋರಾಯಿತು" ಎಂದು ಹೆದರುವುದು ಇದರಿಂದಲೇ. ಇನ್ನೂ ಸ್ವಲ್ಪ ಶಕ್ತಿ ಇರುವಾಗಲೇ ನಿಲ್ಲಿಸಿ.

ಈಗ ದೇವರ ಮೇಲಿನ ಸಿಟ್ಟಿನ ಪ್ರಶ್ನೆ. ಸಿಟ್ಟು ಬರುವುದು ಸಂಬಂಧ ಇರುವಲ್ಲೇ. ಅದು ನಂಬಿಕೆ ಸತ್ತದ್ದಕ್ಕೆ ಗುರುತಲ್ಲ. ಆದರೆ ಅದರಲ್ಲೇ ಒಂಟಿಯಾಗಿ ಸಿಕ್ಕಿಹಾಕಿಕೊಳ್ಳುವುದು ಒಳ್ಳೆಯದಲ್ಲ. ಮನಶ್ಶಾಸ್ತ್ರಜ್ಞ ಕೆನೆತ್ ಪಾರ್ಗಮೆಂಟ್ ಮತ್ತು ಜೊತೆಗಾರರು ಆಸ್ಪತ್ರೆಗೆ ದಾಖಲಾಗಿದ್ದ 596 ಹಿರಿಯರನ್ನು ಸುಮಾರು 2 ವರ್ಷ ಗಮನಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೇವರು ನನ್ನ ಕೈಬಿಟ್ಟ, ನನ್ನನ್ನು ಪ್ರೀತಿಸುತ್ತಿಲ್ಲ ಎಂದು ತೊಳಲುತ್ತಿದ್ದವರಲ್ಲಿ ಸಾವಿನ ಅಪಾಯ ಹೆಚ್ಚಿತ್ತು. ಅದೇ ಕಾರಣವೆಂದು ಇದರಿಂದ ಸಾಬೀತಾಗುವುದಿಲ್ಲ, ಆದರೆ ಆ ತೊಳಲಾಟವನ್ನು ಬಚ್ಚಿಡಬಾರದು ಎಂಬುದಕ್ಕೆ ಇಷ್ಟು ಸಾಕು. ಸಿಟ್ಟನ್ನೇ ಪ್ರಾರ್ಥನೆಯಾಗಿ ಹೇಳಿ. ನಿಮ್ಮ ಧರ್ಮದ ಹಿರಿಯರೊಬ್ಬರ ಬಳಿ ಮಾತಾಡಿ. ಉಪದೇಶಕ್ಕೆ ಮೊದಲು ಕೇಳಿಸಿಕೊಳ್ಳುವವರನ್ನು ಆರಿಸಿ. "ಹಿಂದಿನ ಕರ್ಮ, ಪಾಪದ ಫಲ" ಎನ್ನುವವರಿಂದ ದೂರವಿರಿ.

ಕಾಯಿಲೆಯಲ್ಲಿ ಏಕಾಗ್ರತೆ ಹೋಗುತ್ತದೆ. ಒಂದು ಗಂಟೆ ಕೂತು ಮಾಡುತ್ತಿದ್ದ ಪಾರಾಯಣ, ಧ್ಯಾನ ಆಗದಿದ್ದರೆ ನಂಬಿಕೆ ಕುಂದಿತೆಂದಲ್ಲ. ಒಂದೇ ಸಾಲು ಆರಿಸಿಕೊಳ್ಳಿ. ಮಲಗಿಯೇ, 4 ಎಣಿಸುವಷ್ಟು ಉಸಿರು ಒಳಗೆ, 6 ಎಣಿಸುವಷ್ಟು ಹೊರಗೆ, ಹೊರಹೋಗುವ ಉಸಿರಿಗೆ ಆ ಸಾಲು, 5 ನಿಮಿಷ. ಶ್ವಾಸಕೋಶದ ತೊಂದರೆ ಇರುವವರು ಉಸಿರು ಬಿಗಿಹಿಡಿಯಬೇಡಿ. ಅದೂ ಆಗದ ದಿನ ಮನೆಯವರು ಪಕ್ಕದಲ್ಲಿ ಕೂತು ಓದಲಿ. ನಂಬಿಕೆಯಿಲ್ಲದವರು ಪ್ರೀತಿಯ ಪದ್ಯದ ಸಾಲೊಂದನ್ನು ಹೀಗೇ ಬಳಸಬಹುದು.

ಪ್ರಾರ್ಥನೆಯನ್ನು ಪರೀಕ್ಷೆಯಾಗಿಸಬೇಡಿ. 2006ರಲ್ಲಿ ಹೃದಯದ ಬೈಪಾಸ್ ಮಾಡಿಸಿಕೊಂಡ 1802 ರೋಗಿಗಳ ಅಧ್ಯಯನವೊಂದು ಪ್ರಕಟವಾಯಿತು. ಅಪರಿಚಿತರ ಪ್ರಾರ್ಥನೆಯಿಂದ ತೊಡಕುಗಳೇನೂ ಕಡಿಮೆಯಾಗಲಿಲ್ಲ; ತಮಗಾಗಿ ಪ್ರಾರ್ಥನೆ ನಡೆಯುತ್ತಿದೆ ಎಂದು ಖಚಿತವಾಗಿ ಗೊತ್ತಿದ್ದವರಲ್ಲಿ ಸ್ವಲ್ಪ ಹೆಚ್ಚೇ ಇದ್ದವು. ಪ್ರಾರ್ಥನೆಯ ಬೆಲೆ ಬೇರೆ ಕಡೆ ಇದೆ: ಒಂಟಿಯಲ್ಲ ಎಂಬ ಅರಿವಿನಲ್ಲಿ, ನಾಳೆಯ ಸೂಜಿಯನ್ನು ಎದುರಿಸುವ ಶಕ್ತಿಯಲ್ಲಿ. ಅದನ್ನೇ ಕೇಳಿಕೊಳ್ಳಿ.

ಕೆಲವು ಎಚ್ಚರಿಕೆಗಳು. ಉಪವಾಸ ಮಾಡುವ ಮೊದಲು ವೈದ್ಯರನ್ನು ಕೇಳಿ, ಸಕ್ಕರೆ ಕಾಯಿಲೆ ಇದ್ದರಂತೂ ಖಂಡಿತ. ಕೀಮೋ ಆದ 7ರಿಂದ 14ನೇ ದಿನದ ನಡುವೆ ಸಾಮಾನ್ಯವಾಗಿ ಬಿಳಿ ರಕ್ತಕಣ ತೀರಾ ಇಳಿದಿರುತ್ತದೆ, ಆಗ ಜನಜಂಗುಳಿಯ ಪೂಜೆ, ಸಭೆಗೆ ಹೋಗಬೇಡಿ. ಜ್ವರ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ ಹರಕೆ ಕಟ್ಟಿ ಕಾಯುವಂತಿಲ್ಲ, ಅದೇ ಗಂಟೆಯಲ್ಲಿ ಆಸ್ಪತ್ರೆ. ನಂಬಿಕೆಯಿದ್ದರೆ ಮಾತ್ರೆ ಬೇಡ ಎನ್ನುವವರ ಮಾತು ಕೇಳಬೇಡಿ, ಅವರು ಯಾರೇ ಆಗಿರಲಿ.

ಮನೆಯವರಿಗೆ: "ಏನೂ ಆಗಲ್ಲ ಬಿಡು" ಎಂದರೆ ಮಾತು ಅಲ್ಲಿಗೆ ಮುಗಿಯುತ್ತದೆ, ಅವರು ತಮ್ಮ ಭಯವನ್ನು ನಿಮ್ಮಿಂದ ಬಚ್ಚಿಡಲು ಕಲಿಯುತ್ತಾರೆ. ಅದರ ಬದಲು, "ಇವತ್ತು ಯಾವುದು ತುಂಬ ಕಷ್ಟ ಅನ್ನಿಸ್ತಿದೆ?" ಎಂದು ಕೇಳಿ ಸುಮ್ಮನಿರಿ. ಪರಿಹಾರ ಬೇಕಾ, ಕೇಳಿಸಿಕೊಂಡರೆ ಸಾಕಾ ಎಂದೂ ಕೇಳಬಹುದು. ಬಂಧುಗಳಿಗೆಲ್ಲ ಸುದ್ದಿ ಹೇಳಲು ಒಬ್ಬರನ್ನು ನೇಮಿಸಿ, ರೋಗಿ ಅದೇ ಕಥೆಯನ್ನು ಇಪ್ಪತ್ತು ಸಲ ಹೇಳುವಂತಾಗಬಾರದು. ನೋವು, ಸಂಕಟ ತಗ್ಗಿಸುವ ಪ್ಯಾಲಿಯೇಟಿವ್ ಕೇರ್ ತಂಡವನ್ನು ಕೊನೆಗಾಲಕ್ಕೆಂದು ಕಾಯದೆ ಮೊದಲೇ ಕೇಳಿ. ಮುಂದುವರಿದ ಶ್ವಾಸಕೋಶದ ಕ್ಯಾನ್ಸರಿನ 151 ರೋಗಿಗಳ 2010ರ ಅಧ್ಯಯನದಲ್ಲಿ, ಶುರುವಿನಿಂದಲೇ ಆ ಆರೈಕೆ ಸಿಕ್ಕವರಲ್ಲಿ ಖಿನ್ನತೆ ಕಡಿಮೆಯಿತ್ತು; ಅವರ ಮೀಡಿಯನ್ ಆಯಸ್ಸು 11.6 ತಿಂಗಳು, ಉಳಿದವರದು 8.9.

"ಸಾಕಾಗಿದೆ, ದೇವರು ಕರೆದುಕೊಳ್ಳಬಾರದಾ" ಎಂಬ ಮಾತು ಅನೇಕರ ಬಾಯಲ್ಲಿ ಬರುತ್ತದೆ, ಬಹುಪಾಲು ಅದು ದಣಿವು. ಆದರೂ ಊಹಿಸಿ ಬಿಡಬೇಡಿ, "ಜೀವ ಕಳೆದುಕೊಳ್ಳುವ ಯೋಚನೆ ಬರುತ್ತಿದೆಯಾ?" ಎಂದು ನೇರವಾಗಿ ಕೇಳಿ. ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಅವರನ್ನು ಒಂಟಿಯಾಗಿ ಬಿಡಬೇಡಿ, ನೋವಿನ ಮತ್ತು ನಿದ್ದೆಯ ಮಾತ್ರೆಗಳನ್ನು ಬೇರೊಬ್ಬರ ವಶಕ್ಕೆ ಕೊಡಿ, ಅದೇ ದಿನ ವೈದ್ಯರಿಗೆ ತಿಳಿಸಿ. ಹೋಗುವಾಗ ನೋವಿನ ಮಟ್ಟ, ನಿದ್ದೆ, ಹೊಸದಾಗಿ ಶುರುವಾದ ಔಷಧಿ ಮೂರನ್ನೂ ಬರೆದುಕೊಂಡು ಹೋಗಿ; ಎಷ್ಟೋ ಸಲ ಬದಲಾಯಿಸಬೇಕಾದ್ದು ಆ ಮೂರರಲ್ಲೇ ಸಿಗುತ್ತದೆ.