ರನ್ ಎನಿವೇ ಒತ್ತಿ ಅಂತ ಹೇಳುವುದನ್ನು ಬಿಟ್ಟೆ

ಚಿಕ್ಕಮಗಳೂರಿನ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ನನ್ನ ಕೆಲಸ. ಕಾಫಿ ತೋಟಗಳ ಚೆಕ್‌ರೋಲ್ (ಆಳುಗಳ ಹಾಜರಿ ಪಟ್ಟಿ), ಬಟವಾಡೆ ಅಂದರೆ ಕೂಲಿ ಹಂಚಿಕೆ, ಇವುಗಳ ಲೆಕ್ಕ ಇಡುವ ಪ್ರೋಗ್ರಾಂ ಮಾಡುತ್ತೇವೆ. ಅದನ್ನು ಬಳಸುವವರು ತೋಟದ ಲೆಕ್ಕ ಬರೆಯುವ ರೈಟರುಗಳು. ಅವರ ಫೋನ್ ಎತ್ತುವವನು ನಾನು.

ಶನಿವಾರ ಬಟವಾಡೆ, ಹಾಗಾಗಿ ಶುಕ್ರವಾರ ಸಂಜೆ ಫೋನ್ ಜಾಸ್ತಿ. ಹೊಸ ಆವೃತ್ತಿ ಬಿಟ್ಟ ವಾರ ಎಲ್ಲರದ್ದೂ ಒಂದೇ ಮಾತು. "ಸಾರ್, ಡೌನ್‌ಲೋಡ್ ಆಯ್ತು. ತೆರೆದರೆ ನೀಲಿ ಕಿಟಕಿ ಬರ್ತಿದೆ. ವಿಂಡೋಸ್ ಏನೋ ತಡೆದಿದೆ ಅಂತಿದೆ."

ನಾನು ಹೇಳುತ್ತಿದ್ದದ್ದೂ ಒಂದೇ. "ಮೋರ್ ಇನ್ಫೋ ಒತ್ತಿ. ಕೆಳಗೆ ರನ್ ಎನಿವೇ ಬರುತ್ತೆ. ಅದನ್ನು ಒತ್ತಿ, ಏನೂ ಆಗಲ್ಲ." ಎರಡು ವರ್ಷ ಇದನ್ನೇ ಹೇಳಿದೆ.

ಒಮ್ಮೆ ಆಲ್ದೂರಿನ ಕಡೆಯ ತೋಟವೊಂದರಲ್ಲಿ ನೆಟ್ ಇರಲಿಲ್ಲ. ಪೆನ್‌ಡ್ರೈವ್‌ನಲ್ಲಿ ಅದೇ ಫೈಲ್ ಹಾಕಿಕೊಂಡು ಬೈಕಿನಲ್ಲಿ ಹೋದೆ. ಅಲ್ಲಿ ನೀಲಿ ಕಿಟಕಿಯೇ ಬರಲಿಲ್ಲ. ಫೈಲ್ ಒಂದೇ ಅಲ್ವಾ, ಮತ್ತೆ ಯಾಕೆ ಹೀಗೆ? ವಾಪಸ್ ಬಂದು ಹುಡುಕಿದಾಗ ತಿಳಿಯಿತು. ಬ್ರೌಸರ್‌ನಿಂದ ಇಳಿಸಿದ ಫೈಲಿಗೆ ವಿಂಡೋಸ್‌ನಲ್ಲಿ ಒಂದು ಗುರುತು ಅಂಟುತ್ತದೆ. ಅದಕ್ಕೆ ಮಾರ್ಕ್ ಆಫ್ ದಿ ವೆಬ್ ಎನ್ನುತ್ತಾರೆ. ಝೋನ್ ಐಡೆಂಟಿಫೈಯರ್ ಎಂಬ ಹೆಸರಿನಲ್ಲಿ ಫೈಲಿನ ಬೆನ್ನಿಗೇ ಅಡಗಿ ಕೂರುವ ಸಣ್ಣ ಚೀಟಿ ಅದು. 3 ಅಂತ ಬರೆದಿದ್ದರೆ ಇಂಟರ್ನೆಟ್‌ನಿಂದ ಬಂದದ್ದು ಎಂದರ್ಥ. ಆ ಚೀಟಿ ಉಳಿಯುವುದು ಎನ್‌ಟಿಎಫ್‌ಎಸ್ ಎಂಬ ವಿಧಾನದಲ್ಲಿ ಫೈಲ್ ಇಡುವ ಡಿಸ್ಕಿನಲ್ಲಿ. ನಮ್ಮ ಪೆನ್‌ಡ್ರೈವ್‌ನದ್ದು ಫ್ಯಾಟ್32 ಎಂಬ ಹಳೆಯ ವಿಧಾನ, ಅದರಲ್ಲಿ ಚೀಟಿಗೆ ಜಾಗವಿಲ್ಲ. ಕಾಪಿ ಮಾಡುವಾಗಲೇ ಚೀಟಿ ಉದುರಿಹೋಗಿತ್ತು.

ಚೀಟಿ ಇದ್ದರೆ ವಿಂಡೋಸ್‌ನ ಕಾವಲುಗಾರ ಸ್ಮಾರ್ಟ್‌ಸ್ಕ್ರೀನ್ ಎದ್ದು ಎರಡು ವಿಷಯ ನೋಡುತ್ತದೆ; ನೀಲಿ ಕಿಟಕಿ ತೋರಿಸುವುದು ಅದೇ. ಈ ಫೈಲನ್ನು ಸಾಕಷ್ಟು ಜನ ಇಳಿಸಿ ಬಳಸಿದ್ದಾರಾ? ಇದಕ್ಕೆ ಡಿಜಿಟಲ್ ಸಹಿ ಹಾಕಿದವರು, ಅಂದರೆ ಮಾಡಿದವರು ತಾವೇ ಎಂದು ಗುರುತು ಒತ್ತಿದವರು, ಯಾರು? 2012ರ ವಿಂಡೋಸ್ 8ರಿಂದಲೂ ಇದು ವಿಂಡೋಸ್‌ನ ಒಳಗೇ ಇದೆ. ನಮ್ಮ ಫೈಲಿಗೆ ಸಹಿಯೇ ಇರಲಿಲ್ಲ. ಬಳಸುವವರು ಕೆಲವೇ ತೋಟದವರು. ಪ್ರತಿ ಹೊಸ ಆವೃತ್ತಿಯೂ ಅದರ ಕಣ್ಣಿಗೆ ಮುಖಪರಿಚಯ ಇಲ್ಲದ ಹೊಸಬ. ತಡೆದದ್ದು ಸರಿಯೇ. ಇಷ್ಟು ತಿಳಿದ ಮೇಲೂ ನಾನು ಫೋನಿನಲ್ಲಿ ಹೇಳುವ ಮಾತು ಬದಲಿಸಲಿಲ್ಲ. ತಪ್ಪಾದದ್ದು ಅಲ್ಲಿ.

ಮುಂದಿನ ಜನವರಿ, ಹಣ್ಣು ಕೊಯ್ಯುವ ಭರದಲ್ಲಿ, ಒಬ್ಬ ರೈಟರಿಗೆ ಗೊಬ್ಬರದ ಬಿಲ್ ಎಂಬ ಹೆಸರಿನಲ್ಲಿ ಮೇಲ್ ಬಂತು. ಅದರಲ್ಲಿದ್ದ ಲಿಂಕ್ ಒತ್ತಿ ಫೈಲ್ ಇಳಿಸಿದರು. ನೀಲಿ ಕಿಟಕಿ ಬಂತು. ಅವರು ಮೋರ್ ಇನ್ಫೋ ಒತ್ತಿದರು, ರನ್ ಎನಿವೇ ಒತ್ತಿದರು. ಮಧ್ಯಾಹ್ನದ ಹೊತ್ತಿಗೆ ಕಂಪ್ಯೂಟರಿನ ಫೈಲುಗಳೆಲ್ಲ ಬೀಗ ಹಾಕಿದಂತಾಗಿದ್ದವು.

ನಾನು ಹೋದಾಗ ಅವರು ಹೇಳಿದ್ದು ಇಷ್ಟೇ: "ನೀವು ಹೇಳಿಕೊಟ್ಟ ಹಾಗೇ ಮಾಡಿದೆ ಸಾರ್." ದನಿಯಲ್ಲಿ ಆಕ್ಷೇಪ ಇರಲಿಲ್ಲ. ಅದಕ್ಕೇ ನನಗೆ ಜಾಸ್ತಿ ನೋವಾಯಿತು. ಪುಣ್ಯಕ್ಕೆ ಮೇಸ್ತ್ರಿಯ ಹಾಜರಿ ಪುಸ್ತಕ ಕಾಗದದಲ್ಲಿತ್ತು. ಇಬ್ಬರೂ ಕೂತು ಎಂಟು ದಿನ ಎಲ್ಲವನ್ನೂ ಮತ್ತೆ ತುಂಬಿಸಿದೆವು.

ಆಮೇಲೆ ನಮ್ಮ ಮಾಲೀಕರ ಹತ್ತಿರ ಹಟ ಹಿಡಿದು, ಪ್ರೋಗ್ರಾಂಗೆ ಕಂಪನಿಯ ಹೆಸರಲ್ಲಿ ಸಹಿ ಹಾಕಲು ಬೇಕಾದ ಕೋಡ್ ಸೈನಿಂಗ್ ಸರ್ಟಿಫಿಕೇಟ್ ಕೊಳ್ಳಿಸಿದೆ. 2023ರ ಜೂನ್‌ನಿಂದ ಸಹಿ ಹಾಕುವ ಗುಪ್ತ ಕೀಲಿಯನ್ನು ಸುಮ್ನೆ ಫೈಲಾಗಿ ಕೊಡುವುದಿಲ್ಲ. ಯುಎಸ್‌ಬಿ ಟೋಕನ್‌ನಂಥ ಸುರಕ್ಷಿತ ಹಾರ್ಡ್‌ವೇರ್‌ನಲ್ಲೇ ಇರಬೇಕು. ಸಹಿ ಹಾಕುವಾಗ ಟೈಮ್‌ಸ್ಟ್ಯಾಂಪ್, ಅಂದರೆ ಸಹಿ ಬಿದ್ದ ಹೊತ್ತಿನ ಮುದ್ರೆ, ಮರೆಯಬಾರದು. ಅದಿಲ್ಲದಿದ್ದರೆ ಸರ್ಟಿಫಿಕೇಟ್ ಅವಧಿ ಮುಗಿದ ದಿನವೇ ಹಳೆಯ ಸಹಿಯೂ ಬಿದ್ದುಹೋಗುತ್ತದೆ.

ಸಹಿ ಹಾಕಿದ ಮೇಲೂ ಮೊದಲ ಕೆಲವು ವಾರ ನೀಲಿ ಕಿಟಕಿ ಬರುತ್ತಲೇ ಇತ್ತು. ಹೆಸರು ಬೆಳೆಯಲು ಸಮಯ ಬೇಕು. ಆದರೆ ಒಂದು ಸಾಲು ಬದಲಾಗಿತ್ತು. ಮೋರ್ ಇನ್ಫೋ ಒತ್ತಿದಾಗ ಪಬ್ಲಿಷರ್ ಎಂಬಲ್ಲಿ 'ಗೊತ್ತಿಲ್ಲ' ಎನ್ನುವ ಬದಲು ನಮ್ಮ ಕಂಪನಿಯ ಹೆಸರಿತ್ತು. ಈಗ ಫೋನ್ ಮಾಡಿದವರಿಗೆ ಮೊದಲು ಆ ಸಾಲನ್ನೇ ಓದಿ ಹೇಳಲು ಕೇಳುತ್ತೇನೆ. ನಮ್ಮ ಹೆಸರು ಅಕ್ಷರ ಬಿಡದೆ ಇದ್ದರೆ ಮಾತ್ರ ಮುಂದೆ. ಬೇರೆ ಏನಿದ್ದರೂ ಡೋಂಟ್ ರನ್. ಒಂದು ಫೋನಿಗೆ ಐದು ನಿಮಿಷ ಜಾಸ್ತಿ ಹಿಡಿಯುತ್ತದೆ. ಹಿಡಿಯಲಿ.

ಮ್ಯಾಕ್ ಇಟ್ಟುಕೊಂಡ ತೋಟದ ಮಾಲೀಕರೂ ಕೆಲವರಿದ್ದಾರೆ. ಅಲ್ಲಿ ಇದೇ ಕೆಲಸ ಮಾಡುವ ಕಾವಲುಗಾರ ಗೇಟ್‌ಕೀಪರ್ ಇನ್ನೂ ಬಿಗಿ. ಮೊದಲೆಲ್ಲ ಕಂಟ್ರೋಲ್ ಹಿಡಿದು ಕ್ಲಿಕ್ ಮಾಡಿ ದಾಟಿಸಬಹುದಿತ್ತು. ಮ್ಯಾಕ್‌ನ 2024ರ ಆವೃತ್ತಿಯಾದ ಸಿಕ್ವೋಯಾದಲ್ಲಿ ಆ ದಾರಿ ಮುಚ್ಚಿತು, ಸೆಟ್ಟಿಂಗ್ಸ್‌ಗೆ ಹೋಗಿಯೇ ಒಪ್ಪಿಗೆ ಕೊಡಬೇಕು. ನಾವು ವರ್ಷಕ್ಕೆ 99 ಡಾಲರ್ ಕಟ್ಟಿ, ಪ್ರತಿ ಆವೃತ್ತಿಯನ್ನೂ ಆಪಲ್‌ಗೆ ಕಳಿಸಿ ನೋಟರೈಸ್ ಮಾಡಿಸುತ್ತೇವೆ, ಅಂದರೆ ಅವರಿಂದ ತಪಾಸಣೆ ಮಾಡಿಸುತ್ತೇವೆ.

ಇನ್ನೊಂದು ಬದಲಾವಣೆ. ಮೊದಲು ಹೊಸ ಆವೃತ್ತಿ ಬಿಡುತ್ತಿದ್ದದ್ದು ಡಿಸೆಂಬರ್‌ನಲ್ಲಿ, ಕೊಯ್ಲಿನ ನಡುವೆ. ಈಗ ಅಕ್ಟೋಬರ್ ಮೊದಲ ವಾರವೇ ಬಿಡುತ್ತೇವೆ. ಅರೇಬಿಕಾ ಹಣ್ಣಾಗಿ ಬಟವಾಡೆಯ ಗಡಿಬಿಡಿ ಏರುವ ಹೊತ್ತಿಗೆ ಸ್ಮಾರ್ಟ್‌ಸ್ಕ್ರೀನ್‌ಗೂ ಆ ಫೈಲಿನ ಪರಿಚಯ ಆಗಿರಲಿ ಅಂತ.